ಮಕ್ಕಳ ಫುಟ್‌ಬಾಲ್ ತಂಡಕ್ಕೆ ಸ್ವಯಂಸೇವಕ ಕೋಚ್ ಆಗಿದ್ದೇನೆ: ನನಗೆ ನಾನು ಯಾವ ನಿಯಮಗಳನ್ನು ಹಾಕಿಕೊಳ್ಳಬೇಕು?

ಪ್ರಶ್ನೆ: ಮೈಸೂರಿನ ಪೋಷಕ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗದಲ್ಲಿದ್ದೇನೆ. ಕಾಲೇಜಿನ ದಿನಗಳಲ್ಲಿ ಅಂತರಕಾಲೇಜು ಪಂದ್ಯಗಳಲ್ಲಿ ಫುಟ್‌ಬಾಲ್ ಆಡಿದ್ದೇನೆಯೇ ಹೊರತು ಕೋಚ್ ಆಗುವುದಕ್ಕೆ ಬೇಕಾದ ಯಾವ ತರಬೇತಿಯನ್ನೂ ಪಡೆದಿಲ್ಲ. ಕಳೆದ ವರ್ಷ ನನ್ನ ಮಗಳಿಗೂ ಅವಳ ಮೂವರು ಗೆಳತಿಯರಿಗೂ ನಮ್ಮ ಬಡಾವಣೆಯ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಆಟ ಹೇಳಿಕೊಡಲು ಆರಂಭಿಸಿದೆ. ಅಕ್ಕಪಕ್ಕದ ಮನೆಗಳ ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರಿಕೊಂಡು, ಈಗ 8ರಿಂದ 12 ವರ್ಷದ 26 ಮಕ್ಕಳು ಬರುತ್ತಿದ್ದಾರೆ. ಡಿಗ್ರಿ ಓದುತ್ತಿರುವ ಇಬ್ಬರು ಹುಡುಗರು ನನಗೆ ನೆರವಾಗುತ್ತಾರೆ. ನಮ್ಮಲ್ಲಿ ಯಾರೂ ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ; ಚೆಂಡು, ಕೋನ್, ಬಿಬ್‌ಗಳಿಗಾಗಿ (ತಂಡ ಗುರುತಿಸಲು ಅಂಗಿಯ ಮೇಲೆ ತೊಡುವ ತೋಳಿಲ್ಲದ ಬಟ್ಟೆ) ಪೋಷಕರು ಸೇರಿಸಿ ಕೊಟ್ಟ ಹಣದ ಲೆಕ್ಕವನ್ನು ಪ್ರತಿ ತಿಂಗಳೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತೇನೆ.

ಹೋದ ತಿಂಗಳು ಪಕ್ಕದ ಬಡಾವಣೆಯ ತಂಡದೊಂದಿಗೆ ಮೊದಲ ಬಾರಿಗೆ ಪಂದ್ಯ ಏರ್ಪಡಿಸಿದ್ದೆ. ಅರ್ಧ ಸಮಯಕ್ಕೆ 2–2 ಆಗಿತ್ತು. ಗೆಲ್ಲಬಹುದೆಂಬ ಆಸೆ ಹುಟ್ಟಿದ್ದೇ ತಡ, ಚೆನ್ನಾಗಿ ಆಡುವ ಏಳು ಮಕ್ಕಳನ್ನೇ ಕೊನೆಯವರೆಗೂ ಆಡಿಸಿದೆ. ಬದಿಯಲ್ಲಿ ಕುಳಿತಿದ್ದವರ ನೆನಪೇ ನನಗಾಗಲಿಲ್ಲ. 3–2ರಿಂದ ಗೆದ್ದೆವು. ಎಲ್ಲರೂ ಕುಣಿಯುತ್ತಿದ್ದಾಗ ಒಂಬತ್ತು ವರ್ಷದ ಹುಡುಗನೊಬ್ಬ ತನ್ನ ಹಳದಿ ಬಿಬ್ ಕಳಚಿ, ಬಟ್ಟೆ ಅಂಗಡಿಯವರು ಮಡಿಸುವ ಹಾಗೆ ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ‘ಅಂಕಲ್, ಇದನ್ನ ಒಗೆಯೋದು ಬೇಡ’ ಎಂದ. ಅದಕ್ಕೆ ಒಂದು ಹನಿ ಬೆವರೂ ತಾಗಿರಲಿಲ್ಲ. ಆಮೇಲಿನ ಎರಡು ಭಾನುವಾರ ಅವನು ಬರಲಿಲ್ಲ.

ಅದೇ ವಾರ ಒಬ್ಬ ತಾಯಿ ಇನ್ನೊಂದು ವಿಷಯ ಎತ್ತಿದರು. ಅಭ್ಯಾಸ ಮುಗಿದ ಮೇಲೆ ಕರೆದೊಯ್ಯಲು ಯಾರೂ ಬಾರದಿದ್ದಾಗ ನಮ್ಮ ಸಹಾಯಕ ಹುಡುಗ ಅವರ ಮಗಳನ್ನು ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಬಂದಿದ್ದ. ಅವನ ಮೇಲೆ ತಮಗೆ ಅನುಮಾನವಿಲ್ಲ, ಆದರೆ ಹೀಗೆ ಮಾಡಬಹುದೇ ಎಂಬುದನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ ಎಂದು ಅವರು ಕೇಳಿದರು. ನಾವು ಯೋಚಿಸಿರಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಮಕ್ಕಳು ಹೊತ್ತಿಗೆ ಸರಿಯಾಗಿ ಬರಬೇಕು, ಶಿನ್‌ಗಾರ್ಡ್ ಹಾಕಿಕೊಳ್ಳಬೇಕು, ಜಗಳವಾಡಬಾರದು ಎಂದು ನಾನು ಮೊದಲ ವಾರವೇ ಬರೆದು ಕೊಟ್ಟಿದ್ದೆ. ಆದರೆ ನನ್ನ ಮೇಲೆ, ನನ್ನ ಸಹಾಯಕರ ಮೇಲೆ ಒಂದೇ ಒಂದು ನಿಯಮವೂ ಇಲ್ಲವೆಂಬುದು ಈಗ ಅರಿವಾಗಿದೆ. ಸಂಬಳವಿಲ್ಲದೆ ಬರುವವರಿಗೆ ನಿಯಮವೇಕೆ ಎಂದು ಕೆಲವರು ಹೇಳುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಸ್ವಯಂಸೇವಕ ಕೋಚ್‌ನಿಂದ ಪೋಷಕರು ಏನನ್ನು ನಿರೀಕ್ಷಿಸಬೇಕು, ಅವನು ಯಾವುದನ್ನು ಖಂಡಿತ ಮಾಡಲೇಬೇಕು, ಯಾವುದನ್ನು ಎಂದೂ ಮಾಡಬಾರದು ಎಂಬುದನ್ನು ಒಂದು ಪುಟದಲ್ಲಿ ಬರೆದು, ಪೋಷಕರ ಸಭೆಯಲ್ಲಿ ಓದಿ ನಾವು ಮೂವರೂ ಸಹಿ ಮಾಡಬೇಕೆಂದಿದ್ದೇನೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.


ಉತ್ತರ: ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಬೆಂಗಳೂರು

ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ನಾನು 31 ವರ್ಷ ಶಾಲೆಗಳಲ್ಲಿ ಮಕ್ಕಳನ್ನು ಆಡಿಸಿ ನಿವೃತ್ತನಾದವನು. ಈಗಲೂ ಆಸ್ಟಿನ್ ಟೌನ್ ಕಡೆಯ ಮಕ್ಕಳಿಗೆ ವಾರಕ್ಕೆರಡು ದಿನ ಹೇಳಿಕೊಡುತ್ತೇನೆ. ಬೆವರು ತಾಗದ ಬಿಬ್‌ಗಳು ನನ್ನ ಕಾಲದಲ್ಲಿಯೂ ಎಷ್ಟೋ ಇದ್ದಿರಬೇಕು. ಅವುಗಳನ್ನು ಮಡಿಸಿ ನನ್ನ ಕೈಗೆ ಕೊಡುವ ಧೈರ್ಯ ಆ ಮಕ್ಕಳಿಗೆ ಇರಲಿಲ್ಲ, ಅಷ್ಟೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಎಲ್ಲರನ್ನೂ ಆಡಿಸುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಪಂದ್ಯ ಬಿಗಿಯಾದ ಕೂಡಲೇ ಆ ಸಂಕಲ್ಪ ಸಡಿಲವಾಗುತ್ತದೆ, ನಿಮಗಾದದ್ದೂ ಅದೇ. ಪಂದ್ಯದ ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದಿಡಿ. ನಿಮ್ಮ 26 ಮಕ್ಕಳನ್ನು 13ರ ಎರಡು ತಂಡಗಳನ್ನಾಗಿ ಮಾಡಿ. ಏಳು ಜನರ ಆಟವನ್ನು ಹತ್ತು ಹತ್ತು ನಿಮಿಷದ ನಾಲ್ಕು ಪಾಳಿಗಳಲ್ಲಿ ಆಡಿಸಿದರೆ ಒಟ್ಟು 28 ಅವಕಾಶಗಳಾಗುತ್ತವೆ. ಒಬ್ಬೊಬ್ಬರಿಗೆ ಎರಡೆರಡು ಪಾಳಿ ಕೊಟ್ಟರೆ 26 ಮುಗಿಯುತ್ತವೆ. ಉಳಿದ ಎರಡನ್ನು ಹೋದ ಸಲ ಕಡಿಮೆ ಆಡಿದವರಿಗೆ ಕೊಡಿ. ಆ ಕಾಗದವನ್ನು ಪಂದ್ಯಕ್ಕೆ ಮೊದಲೇ ಮಕ್ಕಳಿಗೆ ತೋರಿಸಿ, ಅಂಕ ಏನೇ ಇರಲಿ ಅದನ್ನು ತಿದ್ದಬೇಡಿ. ಗೋಲ್‌ಕೀಪರ್ ಜಾಗವನ್ನೂ ಸರದಿಯಲ್ಲಿ ಎಲ್ಲರಿಗೂ ಕೊಡಿ, ಏಕೆಂದರೆ ದಪ್ಪಗಿರುವ ಅಥವಾ ನಿಧಾನವಾಗಿ ಓಡುವ ಮಗುವನ್ನು ಗೋಲಿನಲ್ಲಿ ನಿಲ್ಲಿಸಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ಮೈದಾನಗಳಲ್ಲಿ ಬಹಳ ಹಳೆಯದು, ಅದರಿಂದ ಎಷ್ಟೋ ಮಕ್ಕಳು ಚೆಂಡನ್ನು ಕಾಲಿನಿಂದ ಮುಟ್ಟದೆಯೇ ಬೆಳೆದುಬಿಟ್ಟಿದ್ದಾರೆ.

ಅಭ್ಯಾಸದಲ್ಲಿಯೂ ಇದೇ ಲೆಕ್ಕ ಹಾಕಬೇಕು. 26 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಾಗಿ ಗೋಲಿಗೆ ಒದೆಸಿದರೆ, ಒಂದು ಸರದಿಗೆ ಅರ್ಧ ನಿಮಿಷ ಹಿಡಿದರೂ ಪ್ರತಿ ಮಗುವೂ ಮತ್ತೆ ಚೆಂಡನ್ನು ಮುಟ್ಟಲು 13 ನಿಮಿಷ ಕಾಯಬೇಕಾಗುತ್ತದೆ. ಕಾಯುವ ಮಗು ಪಕ್ಕದವನನ್ನು ತಳ್ಳುತ್ತದೆ, ಮಣ್ಣು ಎರಚುತ್ತದೆ, ನಾವು ಅದನ್ನು ತುಂಟತನವೆಂದು ಗದರಿಸುತ್ತೇವೆ. ಸಾಧ್ಯವಾದರೆ ಮಗುವಿಗೊಂದು ಚೆಂಡಿರಲಿ, ಇಲ್ಲದಿದ್ದರೆ ಇಬ್ಬರಿಗೊಂದು. ಕೋನ್ ಇಟ್ಟು ಮೈದಾನವನ್ನು ಮೂರು ತುಂಡು ಮಾಡಿ ನಾಲ್ಕು ನಾಲ್ಕು ಜನರ ಚಿಕ್ಕ ಆಟಗಳನ್ನು ಆಡಿಸಿ. ಒಬ್ಬಿಬ್ಬರು ಉಳಿದರೆ ಪಾಳಿಯಲ್ಲಿ ಬದಲಿಸಿಕೊಳ್ಳಲಿ. ನೀವು ಮೂವರು ಇರುವುದರಿಂದ ತುಂಡಿಗೊಬ್ಬರಂತೆ ನಿಲ್ಲಬಹುದು.

ಚೆಂಡಿನ ಅಳತೆಯ ಬಗ್ಗೆಯೂ ಹೇಳಬೇಕು, ಬಹಳ ಮಂದಿ ಇದನ್ನು ಗಮನಿಸುವುದಿಲ್ಲ. ಅಂಗಡಿಯಲ್ಲಿ ಫುಟ್‌ಬಾಲ್ ಕೊಡಿ ಎಂದರೆ ಸಾಮಾನ್ಯವಾಗಿ 5ನೇ ನಂಬರಿನದನ್ನೇ ಕೊಡುತ್ತಾರೆ. ಅದು ದೊಡ್ಡವರದ್ದು, 410ರಿಂದ 450 ಗ್ರಾಂ ತೂಕ, 68ರಿಂದ 70 ಸೆಂಟಿಮೀಟರ್ ಸುತ್ತಳತೆ. 8ರಿಂದ 12 ವರ್ಷದ ಮಕ್ಕಳಿಗೆ 4ನೇ ನಂಬರ್, ಅದಕ್ಕಿಂತ ಚಿಕ್ಕವರಿಗೆ 3ನೇ ನಂಬರ್ ತನ್ನಿ. ಭಾರದ ಚೆಂಡನ್ನು ಒದ್ದು ಕಾಲು ನೋಯಿಸಿಕೊಂಡ ಮಗು ತನಗೆ ಆಟ ಬರುವುದಿಲ್ಲವೆಂದು ತಿಳಿಯುತ್ತದೆಯೇ ಹೊರತು ಚೆಂಡು ತನ್ನ ಅಳತೆಯದಲ್ಲವೆಂದು ತಿಳಿಯುವುದಿಲ್ಲ.

ನನ್ನದೊಂದು ತಪ್ಪನ್ನೂ ಬರೆಯುತ್ತೇನೆ. ತಡವಾಗಿ ಬಂದವರಿಗೆ, ಪಾಸ್ ತಪ್ಪಿಸಿದವರಿಗೆ ಮೈದಾನದ ಸುತ್ತ ಓಡುವ ಶಿಕ್ಷೆಯನ್ನು ನಾನು ವರ್ಷಗಟ್ಟಲೆ ಕೊಟ್ಟಿದ್ದೇನೆ. ಓಟವೇ ಆಟದ ಜೀವಾಳವೆಂದು ಹೇಳುತ್ತಲೇ ಓಟವನ್ನು ಶಿಕ್ಷೆಯನ್ನಾಗಿ ಮಾಡಿದ್ದೆ. ಬಸ್ಸು ತಪ್ಪಿದ್ದರಿಂದ ತಡವಾಗಿ ಬಂದ ಹುಡುಗನೊಬ್ಬ ಐದು ಸುತ್ತು ಓಡಿದ ಮೇಲೆ ನೆಟ್ಟಗೆ ಮನೆಗೆ ಹೋದವನು ತಿರುಗಿ ಬರಲೇ ಇಲ್ಲ. ಹೊಡೆಯುವುದು, ಕಿವಿ ಹಿಂಡುವುದು, ಜಾತಿ, ಬಣ್ಣ, ಮೈಕಟ್ಟು ಹಿಡಿದು ಹೀಯಾಳಿಸುವುದು ಸಲ್ಲದೆಂದು ಎಲ್ಲರೂ ಒಪ್ಪುತ್ತಾರೆ. ನಿಮ್ಮ ಪುಟದಲ್ಲಿ ಶಿಕ್ಷೆಗಾಗಿ ಓಡಿಸುವುದಿಲ್ಲ ಎಂಬುದನ್ನೂ ಸೇರಿಸಿ.

ಪಂದ್ಯದ ದಿನ ಬಾಯಿ ಬಿಗಿಹಿಡಿಯುವುದು ಕೋಚ್‌ಗೆ ಇರುವ ಕಷ್ಟದ ಕೆಲಸಗಳಲ್ಲಿ ಒಂದು. ಚೆಂಡು ಕಾಲಿನಲ್ಲಿರುವ ಮಗುವಿಗೆ ಕೋಚ್ ‘ಪಾಸ್’ ಎಂದು, ಅಪ್ಪ ‘ಹೊಡಿ’ ಎಂದು, ಗೆಳೆಯ ‘ನಂಗೆ ಕೊಡೋ’ ಎಂದು ಕೂಗಿದರೆ ಅದು ಯಾರ ಮಾತನ್ನು ಕೇಳಬೇಕು? ಚೆಂಡು ಇರುವವರಿಗೆ ಏನನ್ನೂ ಹೇಳಬೇಡಿ. ಹೇಳಬೇಕಾದದ್ದನ್ನು ಪಾಳಿಯ ನಡುವಿನ ಬಿಡುವಿನಲ್ಲಿ ಹೇಳಿ. ನನ್ನ ಅಭಿಪ್ರಾಯದಲ್ಲಿ ಪೋಷಕರನ್ನು ಮೈದಾನದಿಂದ ದೂರವಿಡುವುದೇ ಒಳ್ಳೆಯದು.

ಇನ್ನು ತರಬೇತಿ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಕೋಚಿಂಗ್ ಲೈಸೆನ್ಸ್‌ಗಳಲ್ಲಿ ಇ ಮತ್ತು ಡಿ ಎಂಬವು ಆರಂಭದ ಮೆಟ್ಟಿಲುಗಳು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ವಿಚಾರಿಸಿ ನಿಮ್ಮಲ್ಲಿ ಒಬ್ಬರಾದರೂ ಅದನ್ನು ಮುಗಿಸಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕವು 54 ವರ್ಷಗಳ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಬೀದಿಯ ಹಿರಿಯರು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ನಡುವಿನ ಅಷ್ಟೂ ವರ್ಷ ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್‌ಗಳಲ್ಲಿ ಆಟ ಸಾಯದಂತೆ ನೋಡಿಕೊಂಡವರಲ್ಲಿ ಒಂದು ಪೈಸೆಯನ್ನೂ ಪಡೆಯದವರೇ ಹೆಚ್ಚು. ಅವರ ಪ್ರೀತಿ ದೊಡ್ಡದಾಗಿತ್ತು. ಆದರೆ ಪ್ರೀತಿಯೊಂದೇ ಇದ್ದ ಕಾಲದಲ್ಲಿ ಬೈಗುಳವೂ ಏಟೂ ಅದರ ಜೊತೆಗೇ ಬರುತ್ತಿದ್ದವು. ನೀವು ಪುಟ ಬರೆಯುತ್ತಿರುವುದು ನನಗೆ ಸಂತೋಷ ಕೊಟ್ಟಿದೆ.


ಉತ್ತರ: ವಕೀಲೆ, ಧಾರವಾಡ

ಸ್ಕೂಟರಿನ ವಿಷಯವನ್ನು ಎತ್ತಿದ ತಾಯಿಗೆ ನಿಮ್ಮ ತಂಡ ಋಣಿಯಾಗಿರಬೇಕು. ಒಬ್ಬ ದೊಡ್ಡವರು ಒಂದು ಮಗುವಿನೊಂದಿಗೆ ಬೇರೆಯವರ ಕಣ್ಣಿಗೆ ಬೀಳದಂತೆ ಇರಬಾರದು ಎಂಬುದು ನಿಮ್ಮ ಪುಟದ ಮೊದಲ ಸಾಲಾಗಬೇಕು. ವಾಹನದಲ್ಲಿ ಒಂಟಿಯಾಗಿ ಕರೆದೊಯ್ಯುವುದು, ಒಬ್ಬಂಟಿ ಮಗುವಿಗೆ ಮನೆಯಲ್ಲಿ ‘ವಿಶೇಷ ತರಬೇತಿ’ ಕೊಡುವುದು, ಬಟ್ಟೆ ಬದಲಿಸುವ ಜಾಗಕ್ಕೆ ಹೋಗುವುದು, ಮಗುವಿನ ಫೋನಿಗೆ ನೇರವಾಗಿ ಸಂದೇಶ ಕಳಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಸಂದೇಶವೇನಿದ್ದರೂ ಪೋಷಕರ ಗುಂಪಿಗೇ ಹೋಗಲಿ. ಕರೆದೊಯ್ಯಲು ಯಾರೂ ಬಾರದಿದ್ದರೆ ಇಬ್ಬರು ದೊಡ್ಡವರು ಮೈದಾನದಲ್ಲಿಯೇ ಕಾಯಬೇಕು. ಇದರಿಂದ ಭಾನುವಾರದ ತಿಂಡಿ ತಡವಾಗಬಹುದು, ಆಗಲಿ.

ಸ್ವಯಂಸೇವಕರೆಂಬ ಕಾರಣಕ್ಕೆ ಕಾನೂನಿನಲ್ಲಿ ವಿನಾಯಿತಿ ಇಲ್ಲ ಎಂಬುದನ್ನು ನಿಮ್ಮ ಸಹಾಯಕರಿಗೂ ತಿಳಿಸಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲರೂ ಮಕ್ಕಳೇ. ಅದರ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು, ಯಾರೇ ಆಗಿರಲಿ, ಅದನ್ನು ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಹೊಣೆ ಹೊರಿಸುವಂತಿಲ್ಲ ಎಂದೂ ಕಾಯ್ದೆಯಲ್ಲಿದೆ. ಮಗು ಕೋಚ್ ಹತ್ತಿರ ಏನಾದರೂ ಹೇಳಿಕೊಂಡರೆ ಶಾಂತವಾಗಿ ಕೇಳಿ, ಅದು ಬಳಸಿದ ಮಾತುಗಳಲ್ಲಿಯೇ ಬರೆದುಕೊಳ್ಳಿ. ಯಾರಿಗೂ ಹೇಳುವುದಿಲ್ಲವೆಂದು ಮಾತ್ರ ಮಾತು ಕೊಡಬೇಡಿ, ಏಕೆಂದರೆ ಆ ಮಾತನ್ನು ನೀವು ಉಳಿಸಿಕೊಳ್ಳುವಂತಿಲ್ಲ. ಬಡಾವಣೆಯ ಹಿರಿಯರು ಕೂತು ಮಾತಾಡಿ ಮುಗಿಸುವ ವಿಷಯ ಇದಲ್ಲ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಇದೆ. ಆ ಸಂಖ್ಯೆಯನ್ನು ನಿಮ್ಮ ಪುಟದ ಕೆಳಗೆ ದಪ್ಪಕ್ಷರದಲ್ಲಿ ಬರೆಯಿರಿ.

ಸಹಾಯಕರಾಗಿ ಬರುವವರು ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಪಡೆಯಲಿ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಮೊದಲಿಗೆ ನೀವೇ ಮಾಡಿಸಿ ತೋರಿಸಿದರೆ ಉಳಿದವರಿಗೆ ಅದು ಅವಮಾನವೆನ್ನಿಸುವುದಿಲ್ಲ. ಮಕ್ಕಳ ಫೋಟೊಗಳನ್ನು ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗೆ ಹಾಕಬೇಡಿ. ಒಪ್ಪಿಗೆ ಇದ್ದರೂ ಹೆಸರು, ಶಾಲೆ, ಅಭ್ಯಾಸದ ಜಾಗ ಮತ್ತು ವೇಳೆ ಚಿತ್ರದ ಜೊತೆ ಇರಬಾರದು.


ಉತ್ತರ: ಮಕ್ಕಳ ವೈದ್ಯೆ, ಹುಬ್ಬಳ್ಳಿ

ಆಟದ ಗಾಯಗಳಿಗಾಗಿ ನನ್ನ ಬಳಿ ಬರುವ ಮಕ್ಕಳನ್ನು ಕಂಡು ಹೇಳುವುದಾದರೆ, ಕೋಚ್‌ನಿಂದ ನಾನು ನಿರೀಕ್ಷಿಸುವುದು ವೈದ್ಯಕೀಯ ಜ್ಞಾನವನ್ನಲ್ಲ, ಆಟ ನಿಲ್ಲಿಸುವ ಧೈರ್ಯವನ್ನು.

ತಲೆಗೆ ಪೆಟ್ಟು ಬಿದ್ದ ಮಗು ಒಂದು ಕ್ಷಣ ಮಂಕಾದರೂ, ತಲೆನೋವು, ತಲೆಸುತ್ತು, ವಾಕರಿಕೆ ಎಂದರೂ, ಅಂಕ ಎಷ್ಟಾಗಿದೆಯೆಂಬುದನ್ನು ಮರೆತಿದ್ದರೂ ಆ ದಿನ ಮತ್ತೆ ಆಡಬಾರದು. ಪ್ರಜ್ಞೆ ತಪ್ಪಿರಲೇಬೇಕೆಂದಿಲ್ಲ. ‘ನಾನು ಆಡ್ತೀನಿ’ ಎಂದು ಮಗು ಹಟ ಮಾಡುತ್ತದೆ, ಅಪ್ಪಂದಿರೂ ಕೆಲವೊಮ್ಮೆ ಮಗುವಿನ ಪರ ನಿಲ್ಲುತ್ತಾರೆ. ಅಲ್ಲಿ ಕೋಚ್ ಮಣಿಯಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ತೂಕಡಿಕೆ, ಫಿಟ್ಸ್, ಕುತ್ತಿಗೆ ನೋವು, ಕೈಕಾಲು ಜೋಮು ಕಂಡರೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಬ್ರಿಟನ್ನಿನಲ್ಲಿ ಸ್ಥಳೀಯ ಮಟ್ಟದ ಆಟಗಳಿಗಾಗಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೊದಲ 24ರಿಂದ 48 ಗಂಟೆ ವಿಶ್ರಾಂತಿ ಇರಬೇಕು, 21 ದಿನಕ್ಕೆ ಮೊದಲು ಪಂದ್ಯಕ್ಕೆ ಮರಳಬಾರದು. ಅದನ್ನೇ ನೀವೂ ಅನುಸರಿಸಬಹುದು.

ಹಲ್ಲಿನ ವಿಷಯ ಹೇಳುತ್ತೇನೆ, ಏಕೆಂದರೆ ಇದು ತಿಳಿದಿದ್ದರೆ ಉಳಿಸಬಹುದಾಗಿದ್ದ ಹಲ್ಲುಗಳನ್ನು ನೋಡಿದ್ದೇನೆ. ನಿಮ್ಮ ಮಕ್ಕಳ ವಯಸ್ಸಿಗೆ ಮುಂದಿನ ಹಲ್ಲುಗಳು ಶಾಶ್ವತದವು. ಪೆಟ್ಟಿಗೆ ಇಡೀ ಹಲ್ಲು ಕಿತ್ತು ಬಿದ್ದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ, ಉಜ್ಜದೆ, ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಬೇಕು. ಬೆಳಿಗ್ಗೆ ಮೈದಾನದ ಪಕ್ಕದಲ್ಲಿ ನಂದಿನಿ ಬೂತ್ ಇದ್ದೇ ಇರುತ್ತದೆ. ಇನ್ನು ನಮ್ಮ ಮೈದಾನಗಳಲ್ಲಿ ನಾಯಿಗಳೂ ಇರುತ್ತವೆ. ಕಚ್ಚಿದರೆ, ಗೀರು ಸಣ್ಣದಾಗಿದ್ದರೂ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಕೊಡಿಸಬೇಕು. ಅರಿಶಿನ, ಸುಣ್ಣ ಹಚ್ಚಬಾರದು. ಆದ್ದರಿಂದ ನಿಮ್ಮ ಪೆಟ್ಟಿಗೆಯಲ್ಲಿ ಬ್ಯಾಂಡೇಜಿನ ಜೊತೆ ಸೋಪು ಇರಲಿ, ಮೈದಾನದ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಪ್ರತಿ ವಾರ ನೋಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಮೈದಾನಕ್ಕೆ ಮರಳಬಾರದು. ‘ಸಿಡಿಲು’, ‘ದಾಮಿನಿ’ ಆ್ಯಪ್‌ಗಳು ಮುನ್ಸೂಚನೆ ಕೊಡುತ್ತವೆ. ಎತ್ತಿಡಬಹುದಾದ ಗೋಲ್‌ಪೋಸ್ಟ್ ಇದ್ದರೆ ಅದನ್ನು ನೆಲಕ್ಕೆ ಬಿಗಿದಿದ್ದೀರಾ? ಮಕ್ಕಳು ಅಡ್ಡಪಟ್ಟಿಗೆ ಜೋತುಬಿದ್ದಾಗ ಅದು ಮಗುಚಿ ಜೀವ ಹೋದ ಪ್ರಕರಣಗಳು ಬೇರೆ ದೇಶಗಳಲ್ಲಿ ಆಗಿವೆ.

ಪ್ರತಿ ಮಗುವಿಗೂ ಒಂದು ಚೀಟಿ ಇರಲಿ: ಆಸ್ತಮಾ, ಫಿಟ್ಸ್, ಹೃದಯದ ತೊಂದರೆ, ಅಲರ್ಜಿ, ಇಬ್ಬರ ಫೋನ್ ನಂಬರ್. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಮನೆಯಲ್ಲಲ್ಲ, ಮೈದಾನದ ಬದಿಯಲ್ಲಿ ಇರಬೇಕು.


ಉತ್ತರ: ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ

ನಾನು ಹಾಸನದವನು, ಇಲ್ಲಿ ನಾಲ್ಕು ವರ್ಷಗಳಿಂದ ಎವೈಎಸ್‌ಒ (ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್) ಎಂಬ ಮಕ್ಕಳ ಫುಟ್‌ಬಾಲ್ ಸಂಸ್ಥೆಯ ತಂಡಗಳಿಗೆ ಸ್ವಯಂಸೇವಕ ಕೋಚ್ ಆಗಿದ್ದೇನೆ. 1964ರಲ್ಲಿ ಇದೇ ರಾಜ್ಯದ ಟಾರೆನ್ಸ್‌ನಲ್ಲಿ ಹುಟ್ಟಿದ ಸಂಸ್ಥೆ ಅದು. ನಡೆಯುವುದೇ ತಂದೆತಾಯಿಯರ ಬಿಟ್ಟಿ ದುಡಿಮೆಯಿಂದ. ಅದರ ಮೊದಲ ತತ್ವ ಎಲ್ಲರೂ ಆಡಬೇಕು ಎಂಬುದು, ಅಂದರೆ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಸಮಯ ಆಡಲೇಬೇಕು. ಇದು ಕೋಚ್‌ನ ಒಳ್ಳೆಯತನಕ್ಕೆ ಬಿಟ್ಟ ಮಾತಲ್ಲ. ಮೇಷ್ಟ್ರು ಹೇಳಿದ ಪಾಳಿಯ ಲೆಕ್ಕ ಇಲ್ಲಿನ ಕೋಚ್‌ಗಳ ಜೇಬಿನಲ್ಲೂ ಇರುತ್ತದೆ. ತಂಡಗಳನ್ನೂ ಬಲವಾದವರು ಒಂದೇ ಕಡೆ ಸೇರದಂತೆ ಹಂಚುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಒಂದು ಕಾನೂನಿದೆ. ಮಕ್ಕಳ ಸಂಸ್ಥೆಗಳಲ್ಲಿ ತಿಂಗಳಿಗೆ 16 ಗಂಟೆಗಿಂತ ಅಥವಾ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಮಕ್ಕಳೊಂದಿಗಿರುವ ಸ್ವಯಂಸೇವಕರು ಬೆರಳಚ್ಚು ಕೊಟ್ಟು ಹಿನ್ನೆಲೆ ಪರಿಶೀಲನೆಗೆ ಒಳಗಾಗಬೇಕು. ಮೊದಲ ಸಲ ಹೆಬ್ಬೆರಳು ಒತ್ತುವಾಗ ನನಗೂ ಕಸಿವಿಸಿಯಾಗಿತ್ತು. ನನ್ನ ಮಗಳನ್ನು ಬೇರೆ ಕೋಚ್ ಹತ್ತಿರ ಬಿಟ್ಟು ಬಂದ ದಿನ ಅದರ ಬೆಲೆ ತಿಳಿಯಿತು. ಅಮೆರಿಕದ ಫುಟ್‌ಬಾಲ್ ಒಕ್ಕೂಟ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳು ಚೆಂಡಿಗೆ ತಲೆ ಕೊಡುವುದನ್ನೇ ನಿಲ್ಲಿಸಿತು. ಅದಕ್ಕಿಂತ ದೊಡ್ಡವರಿಗೆ 13 ವರ್ಷದವರೆಗೆ ಅಭ್ಯಾಸದಲ್ಲಿ ಮಿತಿ ಹಾಕಿತು. ನಿಮ್ಮ ತಂಡದಲ್ಲಿ ಇದನ್ನು ಇಂದೇ ಜಾರಿಗೆ ತರಬಹುದು, ಖರ್ಚೇನೂ ಇಲ್ಲ.

ಒಂದು ವಿಷಯದಲ್ಲಿ ಮೇಷ್ಟ್ರ ಮಾತನ್ನು ನಾನು ಒಪ್ಪುವುದಿಲ್ಲ. ಪೋಷಕರನ್ನು ದೂರವಿಟ್ಟರೆ, ವಕೀಲರು ಹೇಳಿದ ಎರಡನೆಯ ಜೋಡಿ ಕಣ್ಣು ಎಲ್ಲಿಂದ ಬರಬೇಕು? ಪೋಷಕರು ಒಂದು ಬದಿಗೆ, ಕೋಚ್ ಮತ್ತು ಮಕ್ಕಳು ಎದುರು ಬದಿಗೆ ಇರಲಿ. ನಾನು ಪ್ರತಿ ಋತುವಿನ ಆರಂಭದಲ್ಲಿ ಪೋಷಕರನ್ನು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡುತ್ತೇನೆ. ಚಪ್ಪಾಳೆ ತಟ್ಟಬಹುದು, ಆಟ ಹೇಳಿಕೊಡುವಂತಿಲ್ಲ. ರೆಫರಿಯಾಗಿ ನಿಲ್ಲುವವನೂ ಹೆಚ್ಚಾಗಿ ಹದಿನಾಲ್ಕು ಹದಿನೈದರ ಹುಡುಗನೇ, ಅವನ ಮೇಲೆ ಯಾರೂ ಕೂಗುವಂತಿಲ್ಲ. ತಮ್ಮ ಮಗುವನ್ನು ಆಡಿಸಿದ್ದು ಕಡಿಮೆಯಾಯಿತೆಂಬ ದೂರಿದ್ದರೆ ಪಂದ್ಯ ಮುಗಿದು ಒಂದು ದಿನವಾದ ಮೇಲೆ ಫೋನ್ ಮಾಡಬೇಕು. ಆದರೆ ಮಗುವಿನ ಸುರಕ್ಷತೆಯ ವಿಷಯವಾದರೆ ಒಂದು ನಿಮಿಷವೂ ಕಾಯಬಾರದು. ದೂರು ನನ್ನ ಮೇಲೆಯೇ ಇದ್ದರೆ ಯಾರಿಗೆ ಹೇಳಬೇಕೆಂಬುದನ್ನೂ ಅದೇ ಸಭೆಯಲ್ಲಿ ತಿಳಿಸುತ್ತೇನೆ. ನಿಮ್ಮ ಬಡಾವಣೆಯಲ್ಲಿ ಅಂಥ ಒಬ್ಬರು ಇದ್ದಾರೆಯೇ? ಕೋಚ್‌ನ ನೆಂಟರೂ ಸ್ನೇಹಿತರೂ ಅಲ್ಲದ ಒಬ್ಬರನ್ನು ಪೋಷಕರೇ ಆರಿಸಲಿ.


ಉತ್ತರ: ಇಬ್ಬರು ಹೆಣ್ಣುಮಕ್ಕಳ ತಾಯಿ, ಮಂಗಳೂರು

ಒಂದು ವಿಷಯವನ್ನು ಮಾತ್ರ ಸೇರಿಸುತ್ತೇನೆ. ನನ್ನ ದೊಡ್ಡ ಮಗಳು ಹನ್ನೊಂದರ ಹರೆಯದಲ್ಲಿ ಆಟ ಬಿಟ್ಟಳು. ಕಾರಣ ನನಗೆ ತಿಳಿದದ್ದು ಒಂದು ವರ್ಷದ ನಂತರ: ಮೈದಾನದ ಹತ್ತಿರ ಶೌಚಾಲಯ ಇರಲಿಲ್ಲ, ಮುಟ್ಟಾದ ದಿನ ಅದನ್ನು ಹೇಳಿಕೊಳ್ಳಲು ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕೋಚ್ ಬಹಳ ಒಳ್ಳೆಯವರೇ ಆಗಿದ್ದರು. ನಿಮ್ಮಲ್ಲಿ ಮೂವರೂ ಗಂಡಸರೆಂದು ಕಾಣುತ್ತದೆ. ಪ್ರತಿ ಭಾನುವಾರ ಒಬ್ಬ ತಾಯಿಯಾದರೂ ಮೈದಾನದಲ್ಲಿರುವಂತೆ ಸರದಿ ಮಾಡಿ, ಹತ್ತಿರದ ಯಾರ ಮನೆಯ ಬಾಗಿಲು ಮಕ್ಕಳಿಗೆ ತೆರೆದಿರುತ್ತದೆ ಎಂಬುದನ್ನು ಗೊತ್ತು ಮಾಡಿ, ನಿಮ್ಮ ಪೆಟ್ಟಿಗೆಯಲ್ಲಿ ಪ್ಯಾಡ್ ಇಡಿ. ‘ಇವತ್ತು ಆಡಲ್ಲ’ ಎಂದ ಹುಡುಗಿಯನ್ನು ಏಕೆಂದು ಎಲ್ಲರೆದುರು ಕೇಳುವುದಿಲ್ಲ ಎಂದೂ ಬರೆಯಿರಿ.


ಉತ್ತರ: ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಬೆಂಗಳೂರು

ಫ್ರೀಮಾಂಟ್‌ನವರು ಹೇಳಿದ್ದು ಸರಿ. ಪೋಷಕರನ್ನು ದೂರವಿಡಿ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಬೈಯುವ ಅಪ್ಪಂದಿರನ್ನು ಕಂಡು ಬೇಸತ್ತು ಹಾಗೆ ಬರೆದೆ. ಅವರಿಗೆ ಒಂದು ಬದಿ, ಒಂದು ಕೆಲಸ ಕೊಡುವುದು ಹೆಚ್ಚು ಒಳ್ಳೆಯ ದಾರಿ. ಮಂಗಳೂರಿನ ತಾಯಿ ಬರೆದದ್ದು ನನ್ನ 31 ವರ್ಷಗಳಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.


ಪ್ರಶ್ನೆ ಕೇಳಿದವರಿಂದ: ಮೈಸೂರಿನ ಪೋಷಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಪೋಷಕರ ಸಭೆ ನಡೆಯಿತು. ಒಂದು ಪುಟವೆಂದು ಆರಂಭಿಸಿದ್ದು ಎರಡು ಪುಟವಾಗಿದೆ. ಒಂಟಿಯಾಗಿ ಮಗುವಿನೊಂದಿಗೆ ಇರುವುದಿಲ್ಲ ಎಂಬುದೇ ಮೊದಲ ಸಾಲು, 1098 ಕೊನೆಯದು. ಸ್ಕೂಟರಿನ ಪ್ರಶ್ನೆ ಕೇಳಿದ್ದ ತಾಯಿಯನ್ನೇ ದೂರು ಕೇಳುವವರನ್ನಾಗಿ ಪೋಷಕರು ಆರಿಸಿದ್ದಾರೆ. ಪೊಲೀಸ್ ಪ್ರಮಾಣಪತ್ರಕ್ಕೆ ನಾನು ಅರ್ಜಿ ಹಾಕಿದ್ದೇನೆ. ಸಹಾಯಕರಲ್ಲಿ ಒಬ್ಬ ನನ್ನ ಜೊತೆಗೇ ಹಾಕಿದ, ಇನ್ನೊಬ್ಬ ತನಗೆ ಇಷ್ಟೆಲ್ಲ ಆಗುವುದಿಲ್ಲವೆಂದು ಬಿಟ್ಟಿದ್ದಾನೆ. ಅವನ ಜಾಗಕ್ಕೆ ಇಬ್ಬರು ತಾಯಂದಿರು ಬರಲು ಒಪ್ಪಿದ್ದಾರೆ, ಮೈದಾನದ ಎದುರುಮನೆಯವರು ಮಕ್ಕಳಿಗೆ ಶೌಚಾಲಯ ಬಿಟ್ಟುಕೊಡುತ್ತಾರೆ.

ಗೋಲ್‌ಪೋಸ್ಟ್ ಬಿಗಿದಿರಲಿಲ್ಲ. ಈಗ ಹಿಂದಿನ ಪೈಪಿನ ಮೇಲೆ ಮರಳಿನ ಚೀಲಗಳನ್ನು ಹೇರಿದ್ದೇವೆ, ಗೂಟ ಹೊಡೆಸಲು ವೆಲ್ಡಿಂಗ್ ಅಂಗಡಿಯವರು ಶುಕ್ರವಾರ ಬರುತ್ತಾರೆ. ಅಲ್ಲಿಯವರೆಗೆ ಗೋಲಿಗೆ ಕೋನ್‌ಗಳನ್ನೇ ಇಡುತ್ತೇವೆ.

ಪಕ್ಕದ ಬಡಾವಣೆಯ ಕೋಚ್ ನಾಲ್ಕು ಪಾಳಿಯ ಆಟಕ್ಕೆ ಇನ್ನೂ ಒಪ್ಪಿಲ್ಲ. ಒಪ್ಪುವವರೆಗೆ ನಮ್ಮ 26 ಮಕ್ಕಳೇ ಎರಡು ತಂಡವಾಗಿ ಆಡುತ್ತಾರೆ. ಬಿಬ್ ಮಡಿಸಿಕೊಟ್ಟ ಹುಡುಗನ ಮನೆಗೆ ಗುರುವಾರ ಹೋಗಿದ್ದೆ. ತಪ್ಪಾಯಿತೆಂದು ಅವನಿಗೇ ಹೇಳಿ, ಪಾಳಿಗಳ ಕಾಗದವನ್ನು ತೋರಿಸಿದೆ. ತನ್ನ ಹೆಸರು ಎರಡನೆಯ ಮತ್ತು ನಾಲ್ಕನೆಯ ಪಾಳಿಯಲ್ಲಿರುವುದನ್ನು ಬೆರಳಿಟ್ಟು ನೋಡಿದ. ಮೊದಲನೆಯದೇ ಬೇಕಿತ್ತು ಎಂದ. ಪೆನ್ಸಿಲ್ ತಂದು, ನನ್ನ ಮಗಳ ಹೆಸರಿದ್ದ ಜಾಗಕ್ಕೆ ಅವನದನ್ನು ಹಾಕಿದೆ.